ನೆನಪನ್ನು ಯಾವ ಭಾಷೆಯಲ್ಲಿ ಕೇಳುತ್ತೀರಿ? ಕೇರಳದ ಆರೋಗ್ಯ ಮತ್ತು ಸಾಮಾಜಿಕ ನ್ಯಾಯ ಇಲಾಖೆಗಳಿಗೆ ಕಾಸರಗೋಡಿನಿಂದ ಬಹಿರಂಗ ಪತ್ರ

ಮಾನ್ಯ ಸಚಿವರಿಗೆ, ಇಲಾಖೆಗಳ ಕಾರ್ಯದರ್ಶಿಗಳಿಗೆ, ಜಿಲ್ಲೆಯ ವೈದ್ಯಾಧಿಕಾರಿಗಳಿಗೆ,

ಕಾಸರಗೋಡು ಮತ್ತು ಮಂಜೇಶ್ವರ ತಾಲೂಕುಗಳಲ್ಲಿ ಮರೆವಿನ ಕಾಯಿಲೆಯ ಸಂಶಯವಿರುವ ಹಿರಿಯರನ್ನು ಪರೀಕ್ಷಿಸುವಾಗ, ಅವರು ಬಾಳಿ ಬದುಕಿದ ಭಾಷೆಯಲ್ಲಿಯೇ ಪರೀಕ್ಷಿಸಬೇಕು ಎಂದು ಕೇಳಿಕೊಳ್ಳಲು ಈ ಪತ್ರ ಬರೆಯುತ್ತಿದ್ದೇನೆ. ಇಷ್ಟನ್ನೇ ನಾಲ್ಕು ಸಾಲಿನ ಅರ್ಜಿಯಾಗಿ ಕಳುಹಿಸಬಹುದಿತ್ತು. ಆದರೆ ನಾಲ್ಕು ಸಾಲಿನ ಅರ್ಜಿಯನ್ನು ಭಾಷಾ ಅಲ್ಪಸಂಖ್ಯಾತರ ಹಳೆಯ ದೂರುಗಳ ಕಡತದಲ್ಲಿ ಸೇರಿಸಿ ಮುಚ್ಚಿಬಿಡುವುದು ಸುಲಭ. ಇಲ್ಲಿರುವ ಪ್ರಶ್ನೆ ಅದಕ್ಕಿಂತ ಆಳದ್ದು: ಒಬ್ಬ ಮನುಷ್ಯ ಇನ್ನೂ ಮೊದಲಿನ ವ್ಯಕ್ತಿಯೇ ಆಗಿ ಉಳಿದಿದ್ದಾನೆಯೇ ಎಂದು ತೀರ್ಮಾನಿಸುವ ಅಧಿಕಾರ ಯಾರಿಗಿದೆ, ಮತ್ತು ಆ ತೀರ್ಮಾನಕ್ಕೆ ಅವರು ಏನನ್ನು ಆಧಾರವಾಗಿ ಇಟ್ಟುಕೊಳ್ಳಬೇಕು? ಇದನ್ನು ಮೊದಲು ಸ್ಪಷ್ಟವಾಗಿ ಕೇಳಿದವನು ಜಾನ್ ಲಾಕ್. ಹಲವು ವರ್ಷ ಕಾಲೇಜಿನಲ್ಲಿ ತತ್ವಶಾಸ್ತ್ರ ಕಲಿಸಿದ ನನಗೆ, ಇಲಾಖೆಯ ಮುಂದೆ ಈ ಮಾತನ್ನಿಡಲು ಅವನಿಗಿಂತ ಒಳ್ಳೆಯ ದಾರಿ ಕಾಣುತ್ತಿಲ್ಲ.

ಲಾಕ್ 1632ರಲ್ಲಿ ಇಂಗ್ಲೆಂಡಿನ ಸಾಮರ್‌ಸೆಟ್ ಪ್ರಾಂತದಲ್ಲಿ ಹುಟ್ಟಿದವನು. ವೈದ್ಯವನ್ನೂ ಕಲಿತಿದ್ದ. ಮನುಷ್ಯನ ತಿಳಿವಳಿಕೆಯನ್ನು ಕುರಿತ ಅವನ ದೊಡ್ಡ ಗ್ರಂಥದ ಎರಡನೆಯ ಮುದ್ರಣ 1694ರಲ್ಲಿ ಹೊರಬಂದಾಗ, ಡಬ್ಲಿನ್‌ನ ಗೆಳೆಯ ವಿಲಿಯಂ ಮಾಲಿನೋನ ಸಲಹೆಯ ಮೇಲೆ ಒಂದು ಹೊಸ ಅಧ್ಯಾಯ ಸೇರಿಸಿದ. ಇವತ್ತಿಗೂ ವ್ಯಕ್ತಿತ್ವದ ಅನನ್ಯತೆಯ ಚರ್ಚೆ ಶುರುವಾಗುವುದು ಅಲ್ಲಿಂದಲೇ. ಅವನು ಮಾಡಿದ ಮುಖ್ಯ ಕೆಲಸವೆಂದರೆ ಎರಡು ವಿಷಯಗಳನ್ನು ಬಿಡಿಸಿಟ್ಟಿದ್ದು. ಮನುಷ್ಯ ಎಂದರೆ ಜೀವವಿರುವ ಒಂದು ದೇಹ. ಸಸಿಯಾಗಿದ್ದ ಓಕ್ ಹೆಮ್ಮರವಾದರೂ ಅದೇ ಮರವಾಗಿರುವಂತೆ, ಮಗುವಾಗಿದ್ದವನು ಮುದುಕನಾದರೂ ಅದೇ ಮನುಷ್ಯ. ವ್ಯಕ್ತಿ ಎಂದರೆ ಬೇರೆ: ಯೋಚಿಸಬಲ್ಲ, ಬೇರೆಬೇರೆ ಕಾಲಗಳಲ್ಲಿ, ಬೇರೆಬೇರೆ ಸ್ಥಳಗಳಲ್ಲಿ ಇದ್ದದ್ದು ನಾನೇ ಎಂದು ತನ್ನನ್ನು ತಾನು ಗುರುತಿಸಿಕೊಳ್ಳಬಲ್ಲ ಜೀವ. ಹಿಂದೆ ಮಾಡಿದ್ದರ ಅರಿವು ಎಲ್ಲಿಯವರೆಗೆ ಹೋಗುತ್ತದೆಯೋ ವ್ಯಕ್ತಿಯೂ ಅಲ್ಲಿಯವರೆಗೆ ಇರುತ್ತಾನೆ. ಒಬ್ಬ ರಾಜಕುಮಾರನ ನೆನಪುಗಳೆಲ್ಲ ಒಬ್ಬ ಚಮ್ಮಾರನ ದೇಹಕ್ಕೆ ಬಂದವೆಂದು ಇಟ್ಟುಕೊಳ್ಳಿ ಎನ್ನುತ್ತಾನೆ ಲಾಕ್. ನೋಡುವವರಿಗೆ ಆ ಮನುಷ್ಯ ಚಮ್ಮಾರನೇ. ಆದರೆ ವ್ಯಕ್ತಿ ರಾಜಕುಮಾರ, ಮತ್ತು ರಾಜಕುಮಾರ ಮಾಡಿದ್ದಕ್ಕೆ ಮಾತ್ರ ಅವನು ಹೊಣೆ.

ಹೊಣೆ ಎಂಬ ಮಾತು ಇಲ್ಲಿ ಸುಮ್ಮನೆ ಬಂದದ್ದಲ್ಲ. ವ್ಯಕ್ತಿ ಎನ್ನುವುದು ನ್ಯಾಯದ ಕಟ್ಟೆಗೆ ಸೇರಿದ ಪರಿಕಲ್ಪನೆ ಎಂದು ಲಾಕ್ ಒತ್ತಿ ಹೇಳಿದ್ದಾನೆ. ಯಾರಿಗೆ ಶಿಕ್ಷೆ, ಯಾರಿಗೆ ಬಹುಮಾನ, ಯಾರ ಸಹಿ ಸಲ್ಲುತ್ತದೆ, ಯಾರ ಒಪ್ಪಿಗೆ ಒಪ್ಪಿಗೆ ಎನ್ನಿಸಿಕೊಳ್ಳುತ್ತದೆ ಎಂಬುದೆಲ್ಲ ಅದರ ಮೇಲೆ ನಿಂತಿದೆ. ಆದ್ದರಿಂದ ನೆನಪನ್ನು ಅಳೆಯುವವನು ಕೇವಲ ರೋಗವನ್ನು ಅಳೆಯುತ್ತಿಲ್ಲ. ಅವನ ಕಾಗದ ಬ್ಯಾಂಕಿಗೆ, ಉಪನೋಂದಣಿ ಕಚೇರಿಗೆ, ಆಸ್ಪತ್ರೆಯ ಒಪ್ಪಿಗೆಪತ್ರದ ಬಳಿಗೆ ಹೋಗುತ್ತದೆ. ಎಲ್ಲಕ್ಕಿಂತ ಮೊದಲು ಮನೆಯ ಒಳಕ್ಕೆ ಹೋಗುತ್ತದೆ.

ನಮ್ಮ ರಾಜ್ಯದಲ್ಲಿ ಕ್ಷೇಮ ಪಿಂಚಣಿ ಪಡೆಯುವ ಹಿರಿಯರು ಅಕ್ಷಯ ಕೇಂದ್ರಕ್ಕೆ ಹೋಗಿ ಮಸ್ಟರಿಂಗ್ ಮಾಡಿಸಿಕೊಳ್ಳುತ್ತಾರೆ. ಯಂತ್ರದ ಮೇಲೆ ಬೆರಳಿಟ್ಟರೆ ಇವರು ಅವರೇ, ಬದುಕಿದ್ದಾರೆ ಎಂದು ಖಾತ್ರಿಯಾಗುತ್ತದೆ. ಲಾಕ್‌ನ ಲೆಕ್ಕದಲ್ಲಿ ಅದು ಮನುಷ್ಯನ ಗುರುತು. ಬೆರಳಿಗೆ ಭಾಷೆ ಬೇಕಾಗಿಲ್ಲ. ಅದೇ ಹಿರಿಯರನ್ನು ನೆನಪಿನ ಪರೀಕ್ಷೆಗೆ ಕೂರಿಸಿದರೆ ಹುಡುಕುತ್ತಿರುವುದು ವ್ಯಕ್ತಿಯನ್ನು. ಅಲ್ಲಿ ಭಾಷೆಯನ್ನು ಬಿಟ್ಟರೆ ಕೈಗೆ ಸಿಗುವುದು ಬಹಳ ಕಡಿಮೆ.

ಆ ಪರೀಕ್ಷೆಯಲ್ಲಿ ಏನಿರುತ್ತದೆ ಎಂದು ಒಮ್ಮೆ ನೋಡೋಣ. 1975ರಲ್ಲಿ ಅಮೆರಿಕದಲ್ಲಿ ಫೋಲ್‌ಸ್ಟೀನ್ ದಂಪತಿ ಮತ್ತು ಅವರ ಸಹೋದ್ಯೋಗಿ ರೂಪಿಸಿದ ಮೂವತ್ತು ಅಂಕಗಳ ಪರೀಕ್ಷೆಯೇ ಜಗತ್ತಿನ ಬಹುಪಾಲು ಕಡೆ ಮಾದರಿಯಾಗಿದೆ. ಇಸವಿ, ಋತು, ತಿಂಗಳು, ತಾರೀಕು, ವಾರ ಕೇಳುತ್ತಾರೆ. ರಾಜ್ಯ, ಜಿಲ್ಲೆ, ಊರು, ಆಸ್ಪತ್ರೆ, ಮಹಡಿ ಕೇಳುತ್ತಾರೆ. ಬರೀ ಇವುಗಳಿಗೇ ಹತ್ತು ಅಂಕ. ಮೂರು ಪದ ಹೇಳಿ ನೆನಪಿಟ್ಟುಕೊಳ್ಳಿ ಎನ್ನುತ್ತಾರೆ. ನೂರರಿಂದ ಏಳೇಳು ಕಳೆಯಲು ಹೇಳುತ್ತಾರೆ. ಒಂದು ವಾಕ್ಯವನ್ನು ತಪ್ಪಿಲ್ಲದೆ ಮರಳಿ ಹೇಳಿಸುತ್ತಾರೆ, ಇನ್ನೊಂದನ್ನು ಬರೆಸುತ್ತಾರೆ. ಕೇಳುವ ಭಾಷೆ ಬದಲಾದರೆ ಇವುಗಳಲ್ಲಿ ಯಾವುದು ಹಾಗೆಯೇ ಉಳಿಯುತ್ತದೆ? ಲೆಕ್ಕವನ್ನು ನಾವು ಮಗ್ಗಿ ಕಲಿತ ಭಾಷೆಯಲ್ಲಿ ಮಾಡುತ್ತೇವೆ. ಕೇಳಿದ ವಾಕ್ಯವನ್ನು ಹಾಗೆಯೇ ಹೇಳಬೇಕಾದರೆ ಅದು ಕಿವಿಗೆ ಒಗ್ಗಿದ ಭಾಷೆಯಾಗಿರಬೇಕು. ಬರೆಯಲು ಲಿಪಿ ಬೇಕು. ಕನ್ನಡ ಶಾಲೆಯಲ್ಲಿ ಓದಿದವರ ಕೈಗೆ ಮಲಯಾಳ ಲಿಪಿ ಎಂದೂ ಹತ್ತಿಲ್ಲ.

ನನ್ನ ದೊಡ್ಡಮ್ಮ ಕನ್ನಡ ಮಾಧ್ಯಮದ ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರು. ಎಂಬತ್ತು ದಾಟಿದ ಮೇಲೆ ಮರೆವು ಕಾಣಿಸಿಕೊಂಡಿತು. ಒಲೆಯ ಮೇಲಿಟ್ಟ ಹಾಲು, ಬೆಳಿಗ್ಗೆ ಬಂದು ಹೋದ ನೆಂಟರು, ನುಂಗಿದ ಮಾತ್ರೆ, ಎಲ್ಲವೂ ಜಾರತೊಡಗಿದವು. ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಪ್ರಶ್ನೆ ಕೇಳಿದ ಹುಡುಗಿ ತುಂಬಾ ಮೃದುವಾಗಿ ಮಾತನಾಡಿಸಿದಳು, ಮಲಯಾಳದಲ್ಲಿ. ದೊಡ್ಡಮ್ಮನಿಗೆ ಮಲಯಾಳ ಬರುವುದಿಲ್ಲವೆಂದಲ್ಲ. ಬಸ್ಸಿಗೆ, ಅಂಗಡಿಗೆ, ಕಚೇರಿಯ ಕಿಟಕಿಗೆ ಸಾಕಾಗುವಷ್ಟು ಬರುತ್ತದೆ. ತಿಂಗಳು ಯಾವುದೆಂದು ಕೇಳಿದಾಗ ‘ಆಟಿ’ ಎಂದರು. ತಪ್ಪು ಗುರುತು ಬಿತ್ತು. ತುಳುವಿನ ಆಟಿಯೂ ಮಲಯಾಳದ ಕರ್ಕಟಕವೂ ಒಂದೇ ಸೌರಮಾಸ. ಹೊರಗೆ ಜಡಿಮಳೆ ಸುರಿಯುತ್ತಿತ್ತು, ಅವರು ಹೇಳಿದ್ದು ಸರಿಯಾಗಿಯೇ ಇತ್ತು. ನೂರರಿಂದ ಏಳು ಕಳೆಯಿರಿ ಎಂದಾಗ ಸೆರಗಿನ ತುದಿ ಹಿಡಿದುಕೊಂಡು ಸುಮ್ಮನೆ ಕುಳಿತರು. ಮನೆಗೆ ಬಂದ ಮೇಲೆ ನಾನು ಕನ್ನಡದಲ್ಲಿ ಕೇಳಿದೆ. ತೊಂಬತ್ತಮೂರು, ಎಂಬತ್ತಾರು, ಎಪ್ಪತ್ತೊಂಬತ್ತು ಎಂದು ತರಗತಿಯಲ್ಲಿ ಹೇಳುವ ದನಿಯಲ್ಲಿಯೇ ಹೇಳಿ, ಅಲ್ಲಿ ನಿಂತುಬಿಟ್ಟರು. ಕಾಯಿಲೆ ಇದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಕಾಗದದ ಮೇಲೆ ಬರೆದಿದ್ದ ಹಂತ ಅವರದಾಗಿರಲಿಲ್ಲ.

ಜಿಲ್ಲೆ ಯಾವುದೆಂದು ಕೇಳಿದಾಗ ದೊಡ್ಡಮ್ಮ ದಕ್ಷಿಣ ಕನ್ನಡ ಎಂದಿದ್ದರು. ಅದು ನಿಜವಾಗಿಯೂ ತಪ್ಪು ಉತ್ತರ. ಆದರೆ ಆ ತಪ್ಪಿನೊಳಗೆ ಎಷ್ಟು ನೆನಪಿದೆ ನೋಡಿ. ಅವರು ಹುಟ್ಟಿದಾಗ ಈ ನೆಲ ಮದರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. 1956ರ ನವೆಂಬರ್ ಒಂದರಂದು ಕೇರಳಕ್ಕೆ ಬಂದು ಮಲಬಾರ್ ಜಿಲ್ಲೆಗೆ ಸೇರಿತು. 1957ರ ಜನವರಿಯಲ್ಲಿ ಮಲಬಾರ್ ಒಡೆದು ಕಣ್ಣೂರು ಜಿಲ್ಲೆಯಾಯಿತು. 1984ರ ಮೇ 24ರಂದು ಕಾಸರಗೋಡು ಜಿಲ್ಲೆ ಹುಟ್ಟಿತು. ಅದೇ ಅಡಿಕೆ ತೋಟ, ಅದೇ ಬಾವಿ, ಅದೇ ಅಂಗಳ. ಒಂದು ಜೀವಮಾನದಲ್ಲಿ ನಾಲ್ಕು ಜಿಲ್ಲೆ, ಎರಡು ರಾಜ್ಯ. ಊರು ಬಿಟ್ಟು ಹೋಗದ ಹೆಂಗಸಿನ ವಿಳಾಸವನ್ನು ಸರ್ಕಾರಗಳು ಇಷ್ಟು ಸಲ ಬದಲಾಯಿಸಿವೆ. ಹೊಸ ನೆನಪು ಅಳಿಸಿ ಹಳೆಯದು ಉಳಿಯುವುದು ಈ ಕಾಯಿಲೆಯ ರೀತಿ ಎಂಬುದು ನಿಮ್ಮ ವೈದ್ಯರಿಗೆ ನನಗಿಂತ ಚೆನ್ನಾಗಿ ಗೊತ್ತು. ಪ್ರಶ್ನೆ ಕೇಳುವವರಿಗೂ ಈ ಗಡಿಯ ಚರಿತ್ರೆ ಸ್ವಲ್ಪ ಗೊತ್ತಿರಬೇಕು ಎಂದು ಬಯಸುವುದು ಹೆಚ್ಚಲ್ಲ.

ಕಾಗದ ಮನೆಗೆ ಬಂದ ಮೇಲೆ ಏನಾಯಿತೆಂದು ಹೇಳಲೇಬೇಕು. ಮನೆಯವರ ಮಾತಿನ ಧಾಟಿ ಬದಲಾಯಿತು. ಅಲ್ಲಿಯವರೆಗೆ “ದೊಡ್ಡಮ್ಮ, ಊಟಕ್ಕೆ ಏನು ಮಾಡಲಿ?” ಎಂದು ಕೇಳುತ್ತಿದ್ದವರು, ಅವರು ಎದುರಿಗೆ ಕುಳಿತಿರುವಾಗಲೇ “ಇವರಿಗೆ ಏನು ಕೊಡುವುದು?” ಎಂದು ಪರಸ್ಪರ ಕೇಳಿಕೊಳ್ಳತೊಡಗಿದರು. ತೋಟದ ಪಾಲಿನ ಮಾತು ಅವರ ಮುಂದೆಯೇ ನಡೆಯಿತು, ಅವರನ್ನು ಕೇಳದೆ. ಯಾರಲ್ಲೂ ಕೆಟ್ಟ ಮನಸ್ಸಿರಲಿಲ್ಲ. ಕಾಗದ ಹೇಳಿದ್ದನ್ನು ಅವರು ನಂಬಿದ್ದರು, ಅಷ್ಟೇ. ಲಾಕ್‌ನ ಹೆಸರು ಕೇಳದ ಮನೆಯಲ್ಲಿ ಲಾಕ್‌ನ ಸಿದ್ಧಾಂತ ಹೀಗೆ ಜಾರಿಗೆ ಬರುತ್ತದೆ: ನೆನಪು ಹೋಯಿತು, ಆದ್ದರಿಂದ ಆ ವ್ಯಕ್ತಿ ಹೋದರು, ಉಳಿದದ್ದು ನೋಡಿಕೊಳ್ಳಬೇಕಾದ ದೇಹ.

ಇಲ್ಲಿ ಲಾಕ್‌ನ ಅದೇ ಅಧ್ಯಾಯದಲ್ಲಿ ಬರುವ ಒಂದು ಪ್ರಸಂಗವನ್ನು ನಿಮ್ಮ ಗಮನಕ್ಕೆ ತರಬೇಕು. ನಂತರದ ಮುದ್ರಣವೊಂದರಲ್ಲಿ ಅವನು ಅದನ್ನು ವಿಲಿಯಂ ಟೆಂಪಲ್ ಎಂಬವನ ನೆನಪುಗಳ ಪುಸ್ತಕದಿಂದ ಎತ್ತಿ ಸೇರಿಸಿದ. ಬ್ರೆಜಿಲ್‌ನಲ್ಲಿ ಡಚ್ಚರ ಆಳ್ವಿಕೆಯ ಕಾಲದಲ್ಲಿ ಮಾರಿಸ್ ದೊರೆಯ ಎದುರಿಗೆ ಒಂದು ಮುದಿ ಗಿಳಿಯನ್ನು ತರುತ್ತಾರೆ. ಎಲ್ಲಿಂದ ಬಂದೆ, ನೀನು ಯಾರವನು, ಏನು ಕೆಲಸ ಮಾಡುತ್ತೀ ಎಂದು ದೊರೆ ಕೇಳುತ್ತಾನೆ. ಇಂಥ ಊರಿನಿಂದ, ಒಬ್ಬ ಪೋರ್ಚುಗೀಸನವನು, ಕೋಳಿ ಕಾಯುತ್ತೇನೆ ಎಂದು ಗಿಳಿ ಉತ್ತರ ಕೊಡುತ್ತದೆ. ಮಾತನಾಡುವ ಗಿಳಿಯನ್ನು ನಾವು ಮನುಷ್ಯ ಎನ್ನುತ್ತೇವೆಯೇ ಎಂಬುದು ಲಾಕ್‌ನ ಆಸಕ್ತಿ. ನನ್ನ ಕಣ್ಣಿಗೆ ಬೀಳುವುದು ಬೇರೆ ವಿವರ. ಗಿಳಿ ಮಾತನಾಡಿದ್ದು ಬ್ರೆಜಿಲ್‌ನ ಭಾಷೆಯಲ್ಲಿ. ದೊರೆಗೆ ಆ ಭಾಷೆ ಬರುತ್ತಿರಲಿಲ್ಲ. ಅದಕ್ಕಾಗಿ ಅವನು ಇಬ್ಬರು ದುಭಾಷಿಗಳನ್ನು ಪಕ್ಕದಲ್ಲಿಟ್ಟುಕೊಂಡಿದ್ದ: ಬ್ರೆಜಿಲ್ ಭಾಷೆ ಬಲ್ಲ ಒಬ್ಬ ಡಚ್ಚ, ಡಚ್ ಬಲ್ಲ ಒಬ್ಬ ಬ್ರೆಜಿಲಿಗ. ಇಬ್ಬರನ್ನೂ ಬೇರೆಬೇರೆಯಾಗಿ ಕರೆದು ಕೇಳಿ, ಇಬ್ಬರೂ ಒಂದೇ ಮಾತು ಹೇಳಿದ ಮೇಲೆ ನಂಬಿದ. ಎಲ್ಲಿಯವರು, ಯಾರವರು, ಏನು ಮಾಡುತ್ತೀರಿ ಎಂಬವೇ ನಮ್ಮ ಹಿರಿಯರಿಗೂ ಕೇಳುವ ಪ್ರಶ್ನೆಗಳು. ಒಂದು ಗಿಳಿಯ ಉತ್ತರವನ್ನು ತೂಗಲು ಇಬ್ಬರು ದುಭಾಷಿಗಳು ಬೇಕೆಂದು ಆ ದೊರೆಗೆ ತೋಚಿತ್ತು. ನಮ್ಮ ತಾಯಂದಿರ ಉತ್ತರ ತೂಗಲು ಒಬ್ಬರಾದರೂ ಬೇಡವೇ?

ಲಾಕ್ ಹೇಳಿದ್ದೆಲ್ಲ ಸರಿ ಎಂದು ನಾನು ವಾದಿಸುತ್ತಿಲ್ಲ. ಅವನು ವ್ಯಕ್ತಿಯ ಭಾರವನ್ನೆಲ್ಲ ಒಳಗಿನ ನೆನಪಿನ ಮೇಲೆಯೇ ಹೇರಿದ. ಸ್ಕಾಟ್ಲೆಂಡಿನ ಥಾಮಸ್ ರೀಡ್ 1785ರಲ್ಲಿ ಅದರ ಬಿರುಕನ್ನು ತೋರಿಸಿದ. ತೋಟದಲ್ಲಿ ಹಣ್ಣು ಕದ್ದು ಏಟು ತಿಂದ ಹುಡುಗ ಮುಂದೆ ಯುದ್ಧದಲ್ಲಿ ಶತ್ರುಗಳ ಬಾವುಟ ಕಿತ್ತುಕೊಂಡ ಅಧಿಕಾರಿಯಾಗುತ್ತಾನೆ, ಕೊನೆಗೆ ಸೇನಾಪತಿಯಾಗುತ್ತಾನೆ. ಅಧಿಕಾರಿಗೆ ಏಟಿನ ನೆನಪಿದೆ, ಸೇನಾಪತಿಗೆ ಬಾವುಟದ ನೆನಪಿದೆ, ಆದರೆ ಏಟಿನ ನೆನಪಿಲ್ಲ. ಲಾಕ್‌ನ ಮಾತನ್ನು ಅಕ್ಷರಶಃ ಹಿಡಿದರೆ ಸೇನಾಪತಿ ಆ ಹುಡುಗನೂ ಹೌದು, ಅಲ್ಲವೂ ಹೌದು. ಆದ್ದರಿಂದ ಈಚಿನವರು, ಮುಖ್ಯವಾಗಿ 1984ರಲ್ಲಿ ಡೆರೆಕ್ ಪಾರ್ಫಿಟ್, ನೇರ ನೆನಪಿಗೆ ಬದಲಾಗಿ ಒಂದಕ್ಕೊಂದು ಕೊಂಡಿ ಹಾಕಿಕೊಂಡ ನೆನಪು, ಉದ್ದೇಶ, ನಂಬಿಕೆ, ಸ್ವಭಾವಗಳ ಸರಪಣಿಯನ್ನು ಮುಂದಿಟ್ಟರು. ಈ ನಂಟು ಹೆಚ್ಚು ಕಡಿಮೆಯಾಗಬಲ್ಲದು ಎಂದೂ ಪಾರ್ಫಿಟ್ ಹೇಳಿದರು. ತತ್ವಶಾಸ್ತ್ರದಲ್ಲಿ ಅದು ಬಹಳ ಸೂಕ್ಷ್ಮವಾದ ವಾದ. ಆಡಳಿತದ ಕೈಗೆ ಸಿಕ್ಕರೆ ಇಂಥವರು ಮೂವತ್ತರಲ್ಲಿ ಹನ್ನೊಂದರಷ್ಟು ಉಳಿದಿದ್ದಾರೆ ಎಂದು ಬರೆಯುವ ಅಪಾಯ ಅದರಲ್ಲಿದೆ.

ನನಗೆ ಹೆಚ್ಚು ಹತ್ತಿರವೆನಿಸುವುದು ಲಾಕ್‌ನ ಕಾಲದ ಜರ್ಮನ್ ತತ್ವಜ್ಞ ಲೈಬ್‌ನಿಟ್ಸ್ ಕೊಟ್ಟ ಉತ್ತರ. ಲಾಕ್‌ನ ಗ್ರಂಥವನ್ನು ಅಧ್ಯಾಯ ಅಧ್ಯಾಯವಾಗಿ ಎದುರಿಸಿ ಅವನು ಬರೆದ ಪುಸ್ತಕ 1704ರ ಹೊತ್ತಿಗೆ ಸಿದ್ಧವಾಗಿತ್ತು. ಅದೇ ವರ್ಷ ಲಾಕ್ ತೀರಿಕೊಂಡದ್ದರಿಂದ ಪ್ರಕಟಿಸಲು ಮನಸ್ಸಾಗಲಿಲ್ಲ; ಅಚ್ಚಾದದ್ದು 1765ರಲ್ಲಿ. ಕಾಯಿಲೆಯೊಂದು ನನ್ನ ಅರಿವಿನ ಎಳೆಯನ್ನು ನಡುವೆ ಕಡಿದುಹಾಕಿದರೆ, ಆ ಕಂದಕವನ್ನು ಇತರರ ಸಾಕ್ಷ್ಯ ತುಂಬಬಲ್ಲದು ಎಂದು ಅವನು ಅಲ್ಲಿ ಹೇಳುತ್ತಾನೆ. ನಾನು ಮರೆತಿದ್ದನ್ನು ನನ್ನ ಜೊತೆಗಿದ್ದವರು ಬಲ್ಲರು. ಅವರು ಹೇಳಿದರೆ ಅದು ಮತ್ತೆ ನನ್ನದಾಗಬಲ್ಲದು. ಮರೆವಿನವರ ಜೊತೆ ಒಂದು ಸಂಜೆ ಕಳೆದ ಯಾರಿಗೂ ಇದು ಅರ್ಥವಾಗುತ್ತದೆ. ನಾನು ದೊಡ್ಡಮ್ಮನ ಪಕ್ಕ ಕುಳಿತು, ಶಾಲೆಗೆ ಹೋಗುತ್ತಿದ್ದಾಗ ಅಡ್ಡ ಬರುತ್ತಿದ್ದ ತೋಡಿನ ಮಾತು ತೆಗೆದರೆ, ಮಳೆಗಾಲದಲ್ಲಿ ಮಕ್ಕಳನ್ನು ಸಂಕ ದಾಟಿಸುತ್ತಿದ್ದದ್ದನ್ನು ಅವರೇ ಮುಂದುವರಿಸಿ ಹೇಳುತ್ತಾರೆ. ಮೊದಲ ವಾಕ್ಯ ನನ್ನದು, ಉಳಿದದ್ದು ಅವರದು. ಆ ಮೊದಲ ವಾಕ್ಯವನ್ನು ಅವರಿಗೆ ಅರ್ಧಂಬರ್ಧ ಬರುವ ಭಾಷೆಯಲ್ಲಿ ಹೇಳಿದ್ದರೆ ಎರಡನೆಯದು ಬರುತ್ತಲೇ ಇರಲಿಲ್ಲ. ಲಾಕ್‌ಗಾಗಲಿ ಅವನ ಆಧುನಿಕ ವಾರಸುದಾರರಿಗಾಗಲಿ ಇದು ಸಾಕಷ್ಟು ಕಾಣಲಿಲ್ಲ ಎಂದು ನನ್ನ ಅನಿಸಿಕೆ. ತಲೆಯೊಳಗಿನ ನೆನಪು ತಾನಾಗಿ ಎದ್ದು ಬರುವುದಿಲ್ಲ, ಅದನ್ನು ಯಾರೋ ಕರೆಯಬೇಕಾಗುತ್ತದೆ.

ಈ ಚರ್ಚೆ ಪುಸ್ತಕದಲ್ಲಿಯೇ ಉಳಿದಿಲ್ಲ. 1991ರಲ್ಲಿ ಅಮೆರಿಕದ ವೈದ್ಯಕೀಯ ವಿದ್ಯಾರ್ಥಿಯೊಬ್ಬ, ಅಲ್ಝೈಮರ್ಸ್ ಇದ್ದರೂ ನೆಮ್ಮದಿಯಾಗಿದ್ದ ಮಾರ್ಗೊ ಎಂಬ ಹೆಂಗಸಿನ ಬಗ್ಗೆ ಬರೆದ. ಇಂಥವರು ಆರೋಗ್ಯವಾಗಿದ್ದಾಗ, ಮುಂದೆ ಹೀಗಾದರೆ ತನಗೆ ಚಿಕಿತ್ಸೆ ಬೇಡವೆಂದು ಬರೆದಿಟ್ಟಿದ್ದರೆ ಈಗ ಯಾರ ಮಾತು ಕೇಳಬೇಕು? ಅಂದು ಬರೆದವಳದೇ ಎಂದು ನ್ಯಾಯತತ್ವಜ್ಞ ರೊನಾಲ್ಡ್ ಡ್ವರ್ಕಿನ್ 1993ರಲ್ಲಿ ವಾದಿಸಿದರು. ಇಂದು ಎದುರಿಗಿರುವವಳ ಹಿತವೇ ಮುಖ್ಯ ಎಂದು ರೆಬೆಕಾ ಡ್ರೆಸರ್ ಉತ್ತರಿಸಿದರು. 2018ರ ಮಾರ್ಚ್ 9ರಂದು ನಮ್ಮ ಸುಪ್ರೀಂ ಕೋರ್ಟು ಮುಂಗಡ ಇಚ್ಛಾಪತ್ರಕ್ಕೆ ಮಾನ್ಯತೆ ಕೊಟ್ಟು, 2023ರ ಜನವರಿಯಲ್ಲಿ ಅದರ ವಿಧಾನವನ್ನು ಸರಳಗೊಳಿಸಿದ ಮೇಲೆ ಇಂಥ ಪ್ರಶ್ನೆಗಳು ನಮ್ಮ ಬಾಗಿಲಿಗೂ ಬಂದಿವೆ. ಮನೆಯಂಗಳಕ್ಕೇ ಉಪಶಾಮಕ ಆರೈಕೆ ತಲುಪಿಸುವುದನ್ನು ದೇಶಕ್ಕೆ ತೋರಿಸಿಕೊಟ್ಟ ರಾಜ್ಯ ಕೇರಳ. ಅದಕ್ಕಾಗಿ ನಿಮ್ಮ ಇಲಾಖೆಯ ಬಗ್ಗೆ ನನಗೆ ನಿಜವಾದ ಗೌರವವಿದೆ. ಹೀಗಾಗಿಯೇ ಈ ವಿಷಯದಲ್ಲಿ ಮೊದಲ ಹೆಜ್ಜೆಯೂ ಇಲ್ಲಿಂದಲೇ ಆಗಲಿ ಎಂದು ಆಸೆಪಡುತ್ತೇನೆ. ಡ್ವರ್ಕಿನ್ ಸರಿಯೋ ಡ್ರೆಸರ್ ಸರಿಯೋ ಎಂದು ನೀವು ತೀರ್ಮಾನಿಸಬೇಕಾಗಿಲ್ಲ. ಇಂದು ಎದುರಿಗಿರುವವಳು ಏನು ಹೇಳುತ್ತಿದ್ದಾಳೆ ಎಂದು ಅರ್ಥವಾದರೆ ತಾನೇ ಆ ಜಗಳ ಶುರುವಾಗುವುದು?

ಕಾನೂನು ನನ್ನ ಬೇಡಿಕೆಗೆ ವಿರುದ್ಧವಾಗಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ನಾಲ್ಕನೆಯ ಸೆಕ್ಷನ್, ನಿರ್ಧಾರ ತೆಗೆದುಕೊಳ್ಳುವ ಸಾಮರ್ಥ್ಯದ ಬಗ್ಗೆ ಹೇಳುವಾಗ, ಮಾಹಿತಿಯನ್ನು ಆ ವ್ಯಕ್ತಿಗೆ ಅರ್ಥವಾಗುವ ಸರಳ ಭಾಷೆಯಲ್ಲಿ ಕೊಡುವ ಮಾತನ್ನು ಆಡುತ್ತದೆ. 1872ರ ಕರಾರು ಕಾಯ್ದೆ ಇನ್ನೂ ಉದಾರವಾಗಿದೆ: ಸಾಮಾನ್ಯವಾಗಿ ಸ್ವಸ್ಥಚಿತ್ತರಲ್ಲದವರೂ ಚಿತ್ತ ಸ್ವಸ್ಥವಾಗಿರುವ ಹೊತ್ತಿನಲ್ಲಿ ಕರಾರು ಮಾಡಬಹುದು ಎನ್ನುತ್ತದೆ. ಆ ಹೊತ್ತು ಬಂದಿದೆಯೇ ಎಂದು ತಿಳಿಯಬೇಕಾದರೆ ಅವರ ಭಾಷೆಯಲ್ಲಿ ಮಾತನಾಡಿಸಿ ನೋಡಬೇಕು.

ಸಲಕರಣೆ ಇಲ್ಲ ಎಂಬ ಉತ್ತರವೂ ನಿಲ್ಲುವುದಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು ಮರೆವಿನ ಕಾಯಿಲೆಗಾಗಿ ಹಲವು ಸಂಸ್ಥೆಗಳನ್ನು ಕೂಡಿಸಿಕೊಂಡು ಸಿದ್ಧಪಡಿಸಿದ ಪರೀಕ್ಷೆಗಳ ಕಟ್ಟು ಐದು ಭಾಷೆಗಳಲ್ಲಿದೆ: ಹಿಂದಿ, ಬಂಗಾಳಿ, ತೆಲುಗು, ಕನ್ನಡ, ಮಲಯಾಳ. ಕಾಸರಗೋಡಿಗೆ ಬೇಕಾದ ಎರಡೂ ಅದರಲ್ಲಿವೆ. ಇನ್ನೊಂದು ಮಾತೂ ಇದೆ. ಹೈದರಾಬಾದಿನಲ್ಲಿ 648 ರೋಗಿಗಳನ್ನು ಪರಿಶೀಲಿಸಿ 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಒಂದಕ್ಕಿಂತ ಹೆಚ್ಚು ಭಾಷೆ ಆಡುವವರಲ್ಲಿ ಈ ಕಾಯಿಲೆ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಶಾಲೆಗೇ ಹೋಗದವರಲ್ಲಿಯೂ ಈ ಅಂತರವಿತ್ತು. ಏಳು ಭಾಷೆಗಳ ನಾಡು ಎಂದು ಕರೆಸಿಕೊಳ್ಳುವ ನಮ್ಮ ಜಿಲ್ಲೆಗೆ ಇದು ಸಂತೋಷದ ಸುದ್ದಿ. ಆದರೆ ಬಹುಭಾಷಿಕರಲ್ಲಿ ಎಲ್ಲ ಭಾಷೆಗಳೂ ಒಂದೇ ಸಮ ಉಳಿಯಬೇಕೆಂದಿಲ್ಲ. ತಡವಾಗಿ ಕಲಿತದ್ದು ಹಲವರಲ್ಲಿ ಮೊದಲು ಸಡಿಲವಾಗುತ್ತದೆ. ಹಿಂದೆ ಮಲಯಾಳ ಚೆನ್ನಾಗಿ ಬರುತ್ತಿತ್ತು ಎಂಬ ಕಾರಣಕ್ಕೆ ಈಗಲೂ ಅದರಲ್ಲಿಯೇ ಪರೀಕ್ಷಿಸುವುದು ಸರಿಯಲ್ಲ.

ಹಾಗಾಗಿ ಪರೀಕ್ಷೆಯ ಮೊದಲ ಪ್ರಶ್ನೆ, ಮನೆಯಲ್ಲಿ ಯಾವ ಭಾಷೆ, ಶಾಲೆಯಲ್ಲಿ ಯಾವ ಭಾಷೆ, ಈಗ ಹೆಚ್ಚಾಗಿ ಆಡುವುದು ಯಾವುದು ಎಂದಾಗಿರಲಿ. ಕನ್ನಡದ ಪರೀಕ್ಷಾ ಹಾಳೆಗಳು ಈ ಎರಡು ತಾಲೂಕುಗಳ ಸರ್ಕಾರಿ ಆಸ್ಪತ್ರೆಗಳಲ್ಲಿ ಇರಲಿ, ಕನ್ನಡ ಬಲ್ಲ ಸಿಬ್ಬಂದಿಗೆ ಅವುಗಳನ್ನು ಬಳಸುವ ತರಬೇತಿ ಸಿಗಲಿ. ಆಶಾ ಕಾರ್ಯಕರ್ತೆಯರಲ್ಲಿ ಕನ್ನಡ, ತುಳು, ಮಲಯಾಳ ಮೂರನ್ನೂ ಸಲೀಸಾಗಿ ಆಡುವವರು ಎಷ್ಟೋ ಮಂದಿ ಇದ್ದಾರೆ. ಅವರೇ ಈ ಕೆಲಸಕ್ಕೆ ತಕ್ಕವರು. ಮನೆಯವರನ್ನೇ ದುಭಾಷಿಯಾಗಿ ಕೂರಿಸಬೇಕಾಗಿ ಬಂದರೆ ಅವರು ಪ್ರೀತಿಯಿಂದ ಉತ್ತರ ಹೇಳಿಕೊಡಬಹುದು, ಆಸ್ತಿಯ ಆಸೆಯಿಂದ ತಿರುಚಲೂಬಹುದು. ಅಲ್ಲಿ ಮಾರಿಸ್ ದೊರೆಯ ಕ್ರಮವೇ ಸರಿ: ಇಬ್ಬರನ್ನು ಬೇರೆಬೇರೆಯಾಗಿ ಕೇಳಬೇಕು. ಪ್ರಮಾಣಪತ್ರದಲ್ಲಿ ಅಂಕದ ಪಕ್ಕದಲ್ಲಿಯೇ ಪರೀಕ್ಷೆ ನಡೆದ ಭಾಷೆಯ ಹೆಸರು ಬರೆಯುವುದು ಕಡ್ಡಾಯವಾಗಲಿ. ಒಂದು ಪದದ ಕೆಲಸವಿದು, ಹಣ ಬೇಕಾಗಿಲ್ಲ. ಆದರೆ ಆ ಕಾಗದ ನಾಳೆ ಬ್ಯಾಂಕಿನಲ್ಲೋ ನ್ಯಾಯಾಲಯದಲ್ಲೋ ತೆರೆದಾಗ ಓದುವವರಿಗೆ ಅದರ ತೂಕ ಎಷ್ಟೆಂದು ಗೊತ್ತಾಗುತ್ತದೆ.

ಇದನ್ನು ಕನ್ನಡದವರಿಗಾಗಿ ಮಾತ್ರ ಕೇಳುತ್ತಿಲ್ಲ. ತುಳು, ಕೊಂಕಣಿ, ಬ್ಯಾರಿ, ಮರಾಠಿ, ಉರ್ದು ಮನೆಮಾತಿನವರು ನಮ್ಮಲ್ಲಿದ್ದಾರೆ. ಅವರಿಗೆ ಸಿದ್ಧ ಹಾಳೆ ಇಲ್ಲದಿದ್ದರೂ ತಮ್ಮ ಮಾತಿನಲ್ಲಿ ಕೇಳಿಸಿಕೊಳ್ಳುವ ಹಕ್ಕಿದೆ. ತಲಪಾಡಿಯ ಆಚೆ ಮಂಗಳೂರಿನ ಆಸ್ಪತ್ರೆಗಳಿಗೆ ಹೋಗುವ ಮಲಯಾಳ ಮಾತಿನ ಹಿರಿಯರಿಗೂ ಇದೇ ನ್ಯಾಯ ಸಿಗಬೇಕೆಂದು ಕರ್ನಾಟಕ ಸರ್ಕಾರಕ್ಕೂ ಪ್ರತ್ಯೇಕವಾಗಿ ಬರೆಯುತ್ತಿದ್ದೇನೆ.

1969ರ ಕೇರಳ ಅಧಿಕೃತ ಭಾಷೆಗಳ ಕಾಯ್ದೆ ಕನ್ನಡ ಅಲ್ಪಸಂಖ್ಯಾತರು ಸರ್ಕಾರದೊಂದಿಗೆ ಕನ್ನಡದಲ್ಲಿ ಪತ್ರವ್ಯವಹಾರ ನಡೆಸಲು ಅವಕಾಶ ಕೊಟ್ಟಿದೆ, ಉತ್ತರವೂ ಕನ್ನಡದಲ್ಲಿಯೇ ಬರಬೇಕೆಂದು ಹೇಳಿದೆ. ಅದರಂತೆ ಈ ಪತ್ರಕ್ಕೆ ನಿಮ್ಮ ಉತ್ತರವನ್ನು ಕನ್ನಡದಲ್ಲಿ ಎದುರು ನೋಡುತ್ತೇನೆ. ಪರೀಕ್ಷೆಯ ಭಾಷೆಯನ್ನು ಪ್ರಮಾಣಪತ್ರದಲ್ಲಿ ನಮೂದಿಸುವ ಸುತ್ತೋಲೆಯನ್ನು ಎಂದು ಹೊರಡಿಸುತ್ತೀರಿ ಎಂಬುದನ್ನು ಅದರಲ್ಲಿ ತಿಳಿಸಬೇಕಾಗಿ ವಿನಂತಿ.

ಇತಿ,
ಬದಿಯಡ್ಕದ ಸಮೀಪದ ಒಬ್ಬ ನಿವೃತ್ತ ಅಧ್ಯಾಪಕ